ಪ್ರಸಾದವೆಂದ ಮೇಲೆ ಭಯವೇಕೆ, ನಾಚಿಕೆಯೇಕೆ?

ನಮ್ಮ ಮಠಗಳಲ್ಲಿ 'ಊಟ ಆಯಿತೇ' ಎಂದು ಕೇಳುವವರು ಕಡಿಮೆ. 'ಪ್ರಸಾದ ಆಯ್ತೇನ್ರಿ?' ಎಂದೇ ಕೇಳುತ್ತಾರೆ. ಲಿಂಗಾಯತ ಮನೆಗಳ ಹಿರಿಯರ ಬಾಯಲ್ಲಿಯೂ ಇದೇ ಮಾತು. ರೊಟ್ಟಿ ಅದೇ, ಪಲ್ಯ ಅದೇ, ಸಾರು ಅದೇ. ಆದರೂ ಅದನ್ನು ಊಟವೆನ್ನದೆ ಪ್ರಸಾದವೆಂದು ಕರೆದಾಗ ಉಣ್ಣುವವರ ಮನಸ್ಸು ಬದಲಾಗಬೇಕು ಎಂಬುದು ಬಸವಾದಿ ಶರಣರ ಆಶಯ. ಭೀತಿಯಿಂದ ನುಂಗುವುದನ್ನಾಗಲಿ, ದುರಾಸೆಯಿಂದ ಬಾಚಿಕೊಳ್ಳುವುದನ್ನಾಗಲಿ ಯಾರೂ ಪ್ರಸಾದ ಎನ್ನುವುದಿಲ್ಲ. ಪ್ರಸನ್ನತೆಯಿಂದ ಸ್ವೀಕರಿಸಿದ್ದು ಪ್ರಸಾದ.

ಹೆಸರೇನೋ ಉಳಿದುಕೊಂಡಿದೆ. ಆದರೆ ದಾಸೋಹದ ಪಂಕ್ತಿಯಿಂದ ಎದ್ದು ಬರುವವರ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. "ಇವತ್ತ ಹುಗ್ಗಿ ಭಾಳ ಉಂಡೆ, ನಾಳೆ ಉಪವಾಸ ಇರಬೇಕು" ಎನ್ನುತ್ತಾರೆ ಒಬ್ಬರು. "ನನಗ ಶುಗರ್ ಐತಿ, ಮನ್ಯಾಗ ಹೇಳಬ್ಯಾಡ್ರಿ ಮತ್ತ" ಎನ್ನುತ್ತ ಇನ್ನೊಬ್ಬರು ಹೋಳಿಗೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತಾರೆ. "ಲಗ್ನ ಗೊತ್ತಾಗೂ ತನಕ ಬಾಯಿ ಕಟ್ಟವಾ" ಎಂದು ತಾಯಿಯೊಬ್ಬಳು ಎಲ್ಲರೆದುರೇ ಮಗಳಿಗೆ ಗದರಿಸುತ್ತಾಳೆ. ಪ್ರಸಾದ ಸ್ವೀಕರಿಸಿ ಬಂದವರ ಮಾತಿನಲ್ಲಿ ಭಯ, ಗುಟ್ಟು, ನಾಚಿಕೆಗಳೇ ತುಂಬಿದ್ದರೆ ನಾವು ಸ್ವೀಕರಿಸಿದ್ದಾದರೂ ಏನನ್ನು?

ಮೂವತ್ತು ವರ್ಷ ಗೃಹವಿಜ್ಞಾನ ಕಲಿಸಿದವಳು ನಾನು. ನಿವೃತ್ತಿಯ ನಂತರ ಮಠಗಳ ಮಹಿಳಾ ಗೋಷ್ಠಿಗಳಲ್ಲಿ, ಉಚಿತ ಪ್ರಸಾದ ನಿಲಯಗಳಲ್ಲಿ ಆಹಾರದ ಬಗ್ಗೆ ಮಾತನಾಡುತ್ತ ಬಂದಿದ್ದೇನೆ. ಸಭೆಯಲ್ಲಿ ಕೇಳುವ ಪ್ರಶ್ನೆಗಳು ಕಬ್ಬಿಣಾಂಶ, ಸುಣ್ಣದಂಶ, ಸಿರಿಧಾನ್ಯಗಳ ಬಗ್ಗೆ. ಸಭೆ ಮುಗಿದ ಮೇಲೆ ಒಬ್ಬೊಬ್ಬರೇ ಹತ್ತಿರ ಬಂದು ಮೆಲ್ಲಗೆ ಕೇಳುವ ಪ್ರಶ್ನೆಗಳು ಬೇರೆ. ಸಿಟ್ಟು ಬಂದಾಗ ಏಕೆ ಉಣ್ಣಬೇಕೆನಿಸುತ್ತದೆ? ಎಲ್ಲರೂ ಮಲಗಿದ ಮೇಲೆ ಡಬ್ಬಿಯತ್ತ ಕೈ ಏಕೆ ಹೋಗುತ್ತದೆ? ಉಂಡ ಮೇಲೆ ನನ್ನ ಮೇಲೆ ನನಗೇ ಏಕೆ ಹೇಸಿಗೆಯಾಗುತ್ತದೆ? ಈ ಪ್ರಶ್ನೆಗಳಿಗೆ ಪೋಷಕಾಂಶಗಳ ಪಟ್ಟಿಯಲ್ಲಿ ಉತ್ತರವಿಲ್ಲ. ತಟ್ಟೆಯಲ್ಲಿ ಏನಿದೆ ಎಂಬುದರಷ್ಟೇ, ತಟ್ಟೆಯ ಮುಂದೆ ಕುಳಿತವರ ಮನಸ್ಸು ಹೇಗಿದೆ ಎಂಬುದೂ ಆರೋಗ್ಯದ ವಿಷಯ. ಆ ಮನಸ್ಸನ್ನು ತಿದ್ದಿಕೊಳ್ಳಲು ಬೇಕಾದ ತತ್ವಕ್ಕಾಗಿ ನಾವು ಬೇರೆಲ್ಲೂ ಹುಡುಕಬೇಕಿಲ್ಲ. ಪ್ರಸಾದ ತತ್ವವನ್ನು ಆಚರಣೆಯಾಗಿ ಮಾತ್ರ ಉಳಿಸಿಕೊಂಡು ಅದರ ಅರ್ಥವನ್ನು ಕೈಬಿಟ್ಟಿದ್ದೇವೆ, ಅದನ್ನು ಮರಳಿ ಮನೆಗೆ ತರಬೇಕು ಎಂಬುದೇ ಈ ಲೇಖನದ ವಾದ.

ಪ್ರಸಾದ ತತ್ವ ಹೇಳುವುದೇನು?

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲದ ಹಾದಿಯಲ್ಲಿ ಭಕ್ತ, ಮಾಹೇಶ್ವರ ಸ್ಥಲಗಳಾದ ಮೇಲೆ ಬರುವುದು ಪ್ರಸಾದಿ ಸ್ಥಲ. ಹೇಗೆ ಸ್ವೀಕರಿಸಬೇಕೆಂದು ಬಲ್ಲವನಿಗೆ ಸಾಧನೆಯ ಮೆಟ್ಟಿಲುಗಳಲ್ಲಿಯೇ ಒಂದು ಸ್ಥಾನ ಕೊಟ್ಟ ಧರ್ಮ ನಮ್ಮದು. ಮೊದಲು ಲಿಂಗಕ್ಕೆ ಅರ್ಪಿಸಿ, ನಂತರ ತಾನು ಸ್ವೀಕರಿಸುವುದು ಇದರ ಕ್ರಮ. ಈ ಅರ್ಪಣೆಯಲ್ಲಿ ಒಂದು ಕ್ಷಣದ ನಿಲುಗಡೆ ಇದೆ. ತಟ್ಟೆ ಮುಂದಿದೆ, ಹಸಿವು ಒಳಗಿದೆ, ಕೈ ಇನ್ನೂ ತುತ್ತು ಎತ್ತಿಲ್ಲ. ಆ ಕ್ಷಣದಲ್ಲಿ ಉಣ್ಣುವವನು ಎಚ್ಚರಗೊಳ್ಳುತ್ತಾನೆ. ಇಂದು ಮನೋವೈದ್ಯರು, ಆಹಾರ ತಜ್ಞರು 'ಗಮನವಿಟ್ಟು ಉಣ್ಣಿ' ಎಂದು ಹೇಳಿಕೊಡುವ ಅಭ್ಯಾಸಕ್ಕೂ ನಮ್ಮ ಅರ್ಪಣೆಯ ಕ್ಷಣಕ್ಕೂ ಬಹಳ ದೂರವಿಲ್ಲ.

ಎರಡನೆಯದಾಗಿ, ಶರಣರು ಅನ್ನಕ್ಕೆ ಅಂಟಿಸಿದ್ದ ಮೈಲಿಗೆಯನ್ನು ಕಿತ್ತೊಗೆದರು. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಅವರು ನಿರಾಕರಿಸಿದ್ದನ್ನು ಪ್ರತಿ ಬಸವ ಜಯಂತಿಯ ಭಾಷಣದಲ್ಲಿ ಕೇಳುತ್ತೇವೆ. ಈ ಐದರಲ್ಲಿ ಎಂಜಲು ನೇರವಾಗಿ ಊಟದ್ದು. ಜಾತಿ ಮತ್ತು ರಜಸ್ಸು ಯಾರು ಅಡುಗೆ ಮುಟ್ಟಬೇಕು, ಯಾರು ಪಂಕ್ತಿಯಲ್ಲಿ ಕೂಡಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವು. ಅನ್ನದ ಸುತ್ತ ಕಟ್ಟಿದ್ದ ಭಯದ ಬೇಲಿಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅವರು ಮುರಿದರು. ಹಳೆಯ ಬೇಲಿ ಹೋದ ಜಾಗದಲ್ಲಿ ನಾವು ಈಗ ಹೊಸ ಬೇಲಿ ಕಟ್ಟಿಕೊಂಡಿದ್ದೇವೆ. ಇದು ತಿಂದರೆ ಪಾಪ, ಅದು ತಿಂದರೆ ದಪ್ಪ, ಇದನ್ನು ತಿಂದವಳು ಆಸೆಬುರುಕಿ, ಅದನ್ನು ಬಿಟ್ಟವಳು ಪುಣ್ಯವಂತೆ. ತಿನ್ನುವುದಕ್ಕೂ ಮನುಷ್ಯರ ಯೋಗ್ಯತೆಗೂ ಗಂಟು ಹಾಕುವ ಈ ಬುದ್ಧಿಯೂ ಒಂದು ಸೂತಕವೇ.

ಮೂರನೆಯದು 'ಸಾಕು' ಎಂಬುದರ ಅರಿವು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ನಮಗೆಲ್ಲ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದರು ಲಕ್ಕಮ್ಮ. ಇದನ್ನು ನಾವು ಅಪರಿಗ್ರಹದ ಪಾಠವಾಗಿ ಹೇಳುತ್ತೇವೆ. ನನಗೆ ಇದರಲ್ಲಿ ಇನ್ನೊಂದು ಮಾತೂ ಕಾಣುತ್ತದೆ. ಎಷ್ಟು ಬೇಕು ಎಂಬುದು ಆ ತಾಯಿಗೆ ಗೊತ್ತಿತ್ತು. ಅವರು ಅಕ್ಕಿಯನ್ನು ಶಪಿಸಲಿಲ್ಲ, ಹಸಿವನ್ನು ಹೀಯಾಳಿಸಲಿಲ್ಲ, ಗಂಡನನ್ನು ಉಪವಾಸ ಕೆಡವಲಿಲ್ಲ. ಬೇಕಾದಷ್ಟನ್ನು ಇಟ್ಟುಕೊಂಡರು, ಹೆಚ್ಚಿನದನ್ನು ಬಿಟ್ಟರು. ಹಸಿವು ಮತ್ತು ತೃಪ್ತಿ ಎರಡನ್ನೂ ಗುರುತಿಸಬಲ್ಲ ಆರೋಗ್ಯವಂತ ಮನಸ್ಸು ಅದು.

ಬಾಯಿ ಕಟ್ಟಿದರೆ ಮನಸ್ಸು ಏನಾಗುತ್ತದೆ?

"ಬಾಯಿ ಕಟ್ಟಿದರೆ ಎಲ್ಲಾ ಸರಿಹೋಗತೈತಿ" ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಬಾಯಿ ಕಟ್ಟಿದಾಗ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ತೋರಿಸುವ ಒಂದು ಪ್ರಸಿದ್ಧ ಪ್ರಯೋಗ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದಿಂದ ಹಸಿದು ಬಳಲಿದವರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಇದನ್ನು ನಡೆಸಿದರು. ಭಾಗವಹಿಸಿದವರು 36 ಯುವಕರು. ಯುದ್ಧದಲ್ಲಿ ಕೊಲ್ಲಲು ಒಪ್ಪದೆ, ಅದರ ಬದಲು ಈ ಸೇವೆಗೆ ತಾವಾಗಿಯೇ ಮುಂದೆ ಬಂದವರು. ದೃಢ ಮನಸ್ಸಿನವರು, ಆರೋಗ್ಯವಂತರು.

24 ವಾರಗಳ ಕಾಲ ಅವರಿಗೆ ಅರೆಹೊಟ್ಟೆ ಊಟ ಕೊಡಲಾಯಿತು. ತೂಕ ಇಳಿಯಿತು, ಅದು ನಿರೀಕ್ಷಿತವೇ. ಅಚ್ಚರಿಯದು ಮನಸ್ಸಿನಲ್ಲಿ ಆದ ಬದಲಾವಣೆ. ಅವರಿಗೆ ಅನ್ನವಲ್ಲದೆ ಬೇರೆ ಧ್ಯಾನವೇ ಇಲ್ಲದಾಯಿತು. ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದತೊಡಗಿದರು, ಕನಸಿನಲ್ಲಿ ಊಟ ಕಂಡರು, ತಟ್ಟೆ ನೆಕ್ಕಿದರು, ಸಿಡುಕರಾದರು, ಖಿನ್ನರಾದರು, ಗೆಳೆಯರಿಂದ ದೂರವಾದರು. ಕೆಲವರು ಕಟ್ಟುನಿಟ್ಟು ಮುರಿದು ಕದ್ದು ತಿಂದು, ನಂತರ ಪಶ್ಚಾತ್ತಾಪದಿಂದ ನರಳಿದರು. ಮತ್ತೆ ಬೇಕಾದಷ್ಟು ಊಟ ಸಿಗತೊಡಗಿದ ಮೇಲೂ ಹಲವರಿಗೆ ಬಹಳ ಕಾಲ ಹೊಟ್ಟೆ ತುಂಬಿದ ಅನುಭವವೇ ಬರಲಿಲ್ಲ, ತಿಂದಷ್ಟೂ ಬೇಕೆನಿಸುತ್ತಿತ್ತು. ಇವರ್‍ಯಾರೂ ದುರ್ಬಲ ಮನಸ್ಸಿನವರಾಗಿರಲಿಲ್ಲ. ಕೊರತೆಗೆ ಒಳಗಾದ ದೇಹ ತನ್ನನ್ನು ಕಾಪಾಡಿಕೊಳ್ಳಲು ಮನಸ್ಸನ್ನು ಹಾಗೆ ಅನ್ನದತ್ತ ಎಳೆದೊಯ್ಯುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದು ಇದರ ಸಣ್ಣ ರೂಪ. ಹುಡುಗಿಯೊಬ್ಬಳು ತೆಳ್ಳಗಾಗಬೇಕೆಂದು ಬೆಳಗಿನ ನಾಷ್ಟಾ ಬಿಡುತ್ತಾಳೆ, ಮಧ್ಯಾಹ್ನ ಅರ್ಧ ರೊಟ್ಟಿಗೆ ಏಳುತ್ತಾಳೆ. ಸಂಜೆ ಐದರ ಹೊತ್ತಿಗೆ ಚೂಡಾ ಡಬ್ಬಿ ಖಾಲಿಯಾಗಿರುತ್ತದೆ. ಆಗ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ. ಪ್ರಾಯಶ್ಚಿತ್ತವೆಂದು ಮರುದಿನ ಇನ್ನೂ ಕಟ್ಟುನಿಟ್ಟು, ಮರುಸಂಜೆ ಇನ್ನೂ ದೊಡ್ಡ ಹಸಿವು. ತಾಯಿ ಇದನ್ನು ನೋಡಿ "ನಿನಗ ನಾಲಿಗಿ ಮ್ಯಾಲ ಹಿಡಿತಾನೇ ಇಲ್ಲ" ಎನ್ನುತ್ತಾಳೆ. ಹಿಡಿತ ಇಲ್ಲದ್ದರಿಂದ ಆದದ್ದಲ್ಲ ಇದು. ಬೆಳಗಿನಿಂದ ಅತಿಯಾಗಿ ಬಿಗಿಹಿಡಿದದ್ದರ ಫಲ.

ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಅಮೆರಿಕದ ಸಂಶೋಧಕಿಯರಾದ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ಮಕ್ಕಳ ಮುಂದೆ ಒಂದು ತಿಂಡಿಯನ್ನು ಮುಕ್ತವಾಗಿ ಇಟ್ಟು, ಅಂಥದೇ ಇನ್ನೊಂದನ್ನು ನಿರ್ಬಂಧಿಸಿದರು. ಮಕ್ಕಳು ನಿರ್ಬಂಧಿಸಿದ ತಿಂಡಿಯ ಬಗ್ಗೆಯೇ ಹೆಚ್ಚು ಮಾತನಾಡಿದರು, ಅದನ್ನೇ ಹೆಚ್ಚು ಕೇಳಿದರು. ಪಂಚಮಿ ಉಂಡಿಯ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟ ಅಜ್ಜಿಯರಿಗೆಲ್ಲ ಈ ಸತ್ಯ ಗೊತ್ತು. ಮೊಮ್ಮಕ್ಕಳ ಕಣ್ಣು ಇಡೀ ದಿನ ಇರುವುದು ಆ ಅಟ್ಟದ ಮೇಲೆಯೇ.

ಉಪವಾಸ ಪುಣ್ಯದ ಖಾತೆಯಾಗಬಾರದು

ಇಲ್ಲಿ ವ್ರತದ ಮಾತು ಬರುತ್ತದೆ. ಶ್ರಾವಣದ ಸೋಮವಾರ, ಶಿವರಾತ್ರಿ, ಹರಕೆಯ ಗುರುವಾರ ಎಂದು ನಮ್ಮ ಅಕ್ಕತಂಗಿಯರು ವರ್ಷದಲ್ಲಿ ಎಷ್ಟು ದಿನ ಉಪವಾಸವಿರುತ್ತಾರೆ ಎಂದು ಅವರೇ ಒಮ್ಮೆ ಎಣಿಸಿ ನೋಡಲಿ. ಬಾಹ್ಯ ವ್ರತಾಚರಣೆಗಳನ್ನು ಶರಣರು ಎಷ್ಟು ನಿಷ್ಠುರವಾಗಿ ಪ್ರಶ್ನಿಸಿದರು ಎಂಬುದು ವಚನ ಓದುವವರಿಗೆ ಹೇಳಿಕೊಡಬೇಕಾದ ಮಾತಲ್ಲ. ದೇಹವನ್ನು ದೇವಾಲಯವೆಂದು ಕಂಡವರು ಆ ದೇವಾಲಯವನ್ನು ದಂಡಿಸಿ ದೇವರನ್ನು ಒಲಿಸಿಕೊಳ್ಳುವ ಹಾದಿ ಹೇಳಿಕೊಡಲಿಲ್ಲ.

ಒಂದು ಹೊತ್ತು ಹಗುರವಾಗಿ ಉಂಡು ಮನಸ್ಸನ್ನು ಪೂಜೆ, ಚಿಂತನೆಗಳಲ್ಲಿ ತೊಡಗಿಸಿ ನೆಮ್ಮದಿಯಿಂದಿರುವವರೊಡನೆ ನನಗೆ ತಕರಾರಿಲ್ಲ. ನನ್ನ ಆತಂಕ ಬೇರೆ. ನಿನ್ನೆ ಹೆಚ್ಚು ತಿಂದ ತಪ್ಪಿಗೆ ಇಂದು ಶಿಕ್ಷೆ ಎಂದು ಮಾಡುವ ಉಪವಾಸ, ತೂಕ ಇಳಿಸುವುದನ್ನು ದೇವರ ಹೆಸರಿನಲ್ಲಿ ಮರೆಮಾಚುವ ಉಪವಾಸ, ಅತ್ತೆ ಮಾಡುತ್ತಿದ್ದರೆಂದು ಸೊಸೆಯೂ ಮಾಡಲೇಬೇಕಾದ ಉಪವಾಸ ಇವು ಮನಸ್ಸನ್ನು ಕೆಡಿಸುತ್ತವೆ. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಬೆಳೆಯುವ ಹುಡುಗಿಯರ ಮೇಲೆ ಇದನ್ನು ಹೇರುವುದು ಅನ್ಯಾಯ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಇದನ್ನು ನಮ್ಮ ಪೂಜ್ಯರು ಶ್ರಾವಣ ಪ್ರವಚನಗಳಲ್ಲಿ ಸ್ಪಷ್ಟವಾಗಿ ಹೇಳಿದರೆ ನೂರು ಆರೋಗ್ಯ ಶಿಬಿರಗಳಷ್ಟು ಉಪಕಾರವಾಗುತ್ತದೆ.

ಕೊನೆಯ ಪಂಕ್ತಿಯಲ್ಲಿ ಕುಳಿತವಳು

ಊಟದ ಮನಸ್ಸಿನ ಬಗ್ಗೆ ಮಾತನಾಡುವಾಗ ನಾವು ಜಾಣತನದಿಂದ ದಾಟಿ ಹೋಗುವ ಒಂದು ವಿಷಯವಿದೆ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವಳು ಯಾರು? ಬಿಸಿ ರೊಟ್ಟಿಗಳು ಒಂದೊಂದಾಗಿ ಒಳಗಿನಿಂದ ಹೊರಗೆ ಹೋಗುತ್ತವೆ. ಒಲೆಯ ಮುಂದೆ ಕುಳಿತವಳ ಪಾಲಿಗೆ ಉಳಿಯುವುದು ಆರಿದ ರೊಟ್ಟಿ, ಪಾತ್ರೆಯ ತಳದ ಪಲ್ಯ, ನಿನ್ನೆಯ ಅನ್ನ. "ಯವ್ವಾ, ನೀ ಯಾವಾಗ ಉಣ್ತಿ?" ಎಂದು ಮಕ್ಕಳು ಕೇಳಿದರೆ "ನೀವು ಉಂಡ್ರ ನನ್ನ ಹೊಟ್ಟಿ ತುಂಬಿದಂಗ" ಎಂಬ ಉತ್ತರ. ಈ ಉತ್ತರವನ್ನು ನಾವು ತಾಯಿಯ ತ್ಯಾಗವೆಂದು ಕೊಂಡಾಡುತ್ತೇವೆ. ಕೇಳುತ್ತ ಬೆಳೆದ ಮಗಳು ಕಲಿಯುವ ಪಾಠ ಬೇರೆ: ಹೆಣ್ಣಿನ ಹಸಿವು ಹೇಳಿಕೊಳ್ಳುವಂಥದ್ದಲ್ಲ, ಮೊದಲು ಉಣ್ಣಬಯಸುವ ಹೆಣ್ಣು ಒಳ್ಳೆಯವಳಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಅದರ ಅರ್ಧದಷ್ಟೂ ಇಲ್ಲ. ಮುಟ್ಟು, ಹೆರಿಗೆಗಳು ಇದಕ್ಕೆ ಕಾರಣವೆಂಬುದು ನಿಜ. ಹೆಚ್ಚು ಕಬ್ಬಿಣಾಂಶ ಬೇಕಾದವಳೇ ಕಡಿಮೆ ಉಣ್ಣುತ್ತಾಳೆ ಎಂಬುದೂ ಅಷ್ಟೇ ನಿಜ. ಇದು ದೇಹದ ಲೆಕ್ಕ. ಮನಸ್ಸಿನ ಲೆಕ್ಕವನ್ನು ಯಾವ ಸಮೀಕ್ಷೆಯೂ ಬರೆದುಕೊಳ್ಳುವುದಿಲ್ಲ. ಪಂಕ್ತಿಯಲ್ಲಿ ಕುಳಿತು ಉಣ್ಣದವಳು ಅಡುಗೆಮನೆಯಲ್ಲಿ ನಿಂತುಕೊಂಡೇ, ಮಕ್ಕಳು ಬಿಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುತ್ತ ದಿನ ಕಳೆಯುತ್ತಾಳೆ. ತಾನು ಎಷ್ಟು ಉಂಡೆ, ಹೊಟ್ಟೆ ತುಂಬಿತೇ ಇಲ್ಲವೇ ಎಂಬುದು ಅವಳಿಗೇ ತಿಳಿಯುವುದಿಲ್ಲ. ನಂತರ ಅವಳಿಗೆ ತೂಕ ಹೆಚ್ಚಿದರೆ "ಮನ್ಯಾಗ ಕುಂತು ತಿಂತಾಳ" ಎನ್ನಲು ಯಾರೂ ಹಿಂಜರಿಯುವುದಿಲ್ಲ. ಕುಳಿತು ತಿನ್ನಲು ಅವಳಿಗೆ ಅವಕಾಶ ಕೊಟ್ಟಿದ್ದಾದರೂ ಯಾವಾಗ?

ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮಾನ ಪೀಠ ಕೊಟ್ಟ ಪರಂಪರೆ ಎಂದು ಹೆಮ್ಮೆ ಪಡುವ ನಾವು ಊಟದ ಮನೆಯಲ್ಲಿ ಆ ಪೀಠವನ್ನು ಕಸಿದುಕೊಂಡಿದ್ದೇವೆ. ಸುಧಾರಣೆ ಎಂಬುದು ಇಲ್ಲಿಂದಲೇ ಆರಂಭವಾಗಲಿ. ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಎಲ್ಲರೂ ಒಟ್ಟಿಗೆ ಕೂಡೋಣ. ಬಿಸಿಬಿಸಿಯೇ ಬೇಕೆನ್ನುವ ಗಂಡಸರು ವಾರದಲ್ಲಿ ಎರಡು ದಿನ ತಾವು ಒಲೆಯ ಮುಂದೆ ನಿಂತು ಹೆಂಗಸರಿಗೆ ಬಡಿಸಲಿ. ಬಡಿಸುವುದೂ ದಾಸೋಹವೇ ಅಲ್ಲವೇ?

'ಪ್ರಸಾದ ಬಿಡಬಾರದು' ಎನ್ನುವವರಿಗೆ

ಈ ಮಾತುಗಳನ್ನು ಗೋಷ್ಠಿಗಳಲ್ಲಿ ಹೇಳಿದಾಗ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ಗೌರವಕ್ಕೆ ಅರ್ಹವಾದವು.

ಮೊದಲನೆಯದು, "ಹಾಗಾದರೆ ಬೇಕಾದ್ದನ್ನು ಬೇಕಾದಷ್ಟು ತಿನ್ನಿ ಎನ್ನುತ್ತೀರಾ? ಶರಣರು ಇಂದ್ರಿಯ ನಿಗ್ರಹ ಹೇಳಲಿಲ್ಲವೇ?" ಖಂಡಿತ ಹಾಗೆ ಹೇಳುತ್ತಿಲ್ಲ. ಹಿತಮಿತವಾಗಿ ಉಣ್ಣುವುದು ಬೇರೆ, ತನ್ನನ್ನು ದ್ವೇಷಿಸುತ್ತ ಉಣ್ಣುವುದು ಬೇರೆ. ನಿಜವಾದ ನಿಗ್ರಹ ಅರಿವಿನಿಂದ ಬರುತ್ತದೆ. ಭಯದಿಂದ ಬಂದ ನಿಗ್ರಹ ಯಾರೂ ನೋಡದಿದ್ದಾಗ ಮುರಿದುಬೀಳುತ್ತದೆ. ಮಧುಮೇಹಿಗಳನ್ನೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಜನರನ್ನು ಕೇವಲ ಗದರಿಕೆಯಿಂದ ಕಾಪಾಡಲು ಸಾಧ್ಯವೇ? ಮನೆಮಂದಿ ಗದರಿಸಿದಾಗ ರೋಗಿ ಬಿಡುವುದು ಸಿಹಿಯನ್ನಲ್ಲ, ಮನೆಮಂದಿಯ ಎದುರು ತಿನ್ನುವುದನ್ನು. ಹೊರಗೆ ಕದ್ದು ನಾಲ್ಕು ತಿನ್ನುತ್ತಾನೆ, ಸಕ್ಕರೆ ಪರೀಕ್ಷೆಯನ್ನು ಮುಂದೂಡುತ್ತಾನೆ, ವೈದ್ಯರಿಗೂ ಸುಳ್ಳು ಹೇಳುತ್ತಾನೆ. ಹಬ್ಬದ ದಿನ ಎಷ್ಟು ತಿನ್ನಬಹುದು, ಅದಕ್ಕೆ ಪ್ರತಿಯಾಗಿ ಅನ್ನ ಎಷ್ಟು ಕಡಿಮೆ ಮಾಡಬೇಕು ಎಂದು ಮೊದಲೇ ವೈದ್ಯರನ್ನು ಕೇಳಿಕೊಂಡು, ಅರ್ಧ ಹೋಳಿಗೆಯನ್ನು ಎಲ್ಲರ ನಡುವೆ ಕುಳಿತು ನಿಧಾನವಾಗಿ ಸವಿಯುವವನು ಅವನಿಗಿಂತ ಸುರಕ್ಷಿತ. ಅವನ ಮುಖದಲ್ಲಿ ಪ್ರಸನ್ನತೆಯೂ ಇರುತ್ತದೆ.

ಎರಡನೆಯದು, "ಪ್ರಸಾದವನ್ನು ಕೆಡಿಸಬಾರದು. ತಟ್ಟೆಯಲ್ಲಿ ಬಿಟ್ಟು ಏಳಬಹುದೇ?" ಅನ್ನ ಕೆಡಿಸಬಾರದೆಂಬುದರಲ್ಲಿ ಎರಡು ಮಾತಿಲ್ಲ. ಅದರ ಹಿಂದೆ ರೈತನ, ಅಡುಗೆಯವರ ಬೆವರಿದೆ. ಆದರೆ ಕೆಡಿಸದಿರುವ ಹೊಣೆ ಎಲ್ಲಿಂದ ಆರಂಭವಾಗುತ್ತದೆ? ನೀಡುವ ಕೈಯಿಂದ. ಉಣ್ಣುವವನು ಕೈ ಅಡ್ಡ ಹಿಡಿದು "ಸಾಕ್ರಿ" ಎನ್ನುವಾಗ "ಏ, ಇನ್ನೊಂದು ತಗೋರಿ, ಅದೇನಾಗತೈತಿ" ಎಂದು ಬೆರಳ ಸಂದಿಯಿಂದಲೇ ಹೋಳಿಗೆ ಜಾರಿಸುತ್ತೇವೆ. ಇದನ್ನು ಪ್ರೀತಿ ಎನ್ನುತ್ತೇವೆ. ಆಮೇಲೆ "ಪ್ರಸಾದ ಬಿಡಬಾರದು" ಎಂದು ಅದನ್ನು ಹೊಟ್ಟೆಗೆ ತುರುಕಿಸುತ್ತೇವೆ. ಹೊಟ್ಟೆ 'ಸಾಕು' ಎಂದ ಮೇಲೆ ಹಾಕಿಕೊಂಡದ್ದೂ ಒಂದು ರೀತಿಯಲ್ಲಿ ಕೆಡಿಸಿದಂತೆಯೇ. ತಿಪ್ಪೆಯ ಬದಲು ದೇಹದಲ್ಲಿ ಕೆಡಿಸಿದೆವು, ಅಷ್ಟೇ. ಕಡಿಮೆ ನೀಡಿ, ಮತ್ತೆ ಕೇಳಿದಾಗ ಸಂತೋಷದಿಂದ ನೀಡುವುದೇ ಸರಿಯಾದ ಉಪಚಾರ. ದಾಸೋಹದಲ್ಲಿ ಬಡಿಸುವ ಸ್ವಯಂಸೇವಕರಿಗೆ ಇದೊಂದು ಮಾತನ್ನು ಹೇಳಿಕೊಟ್ಟರೆ ಅನ್ನವೂ ಉಳಿಯುತ್ತದೆ, ಉಣ್ಣುವವರ 'ಸಾಕು' ಎಂಬ ಮಾತಿಗೆ ಬೆಲೆಯೂ ಬರುತ್ತದೆ.

ಪ್ರಸಾದ ನಿಲಯಗಳ ಹೊಣೆ

ಮಕ್ಕಳ ಮನಸ್ಸಿನಲ್ಲಿ ಅನ್ನದೊಂದಿಗಿನ ಸಂಬಂಧ ಬೆಳೆಯುವುದು ಚಿಕ್ಕಂದಿನಲ್ಲಿ. ಈ ವಿಷಯದಲ್ಲಿ ನಮ್ಮ ಮಠಗಳಿಗೆ ಬೇರೆ ಯಾವ ಸಂಸ್ಥೆಗೂ ಇಲ್ಲದ ಅವಕಾಶವಿದೆ. ಸಿದ್ಧಗಂಗೆಯ ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಅವರು ಲಿಂಗೈಕ್ಯರಾದ ಜನವರಿ 21ನ್ನು ಸರ್ಕಾರ ದಾಸೋಹ ದಿನವಾಗಿ ಆಚರಿಸುತ್ತದೆ. 2002ರಲ್ಲಿ ಆರಂಭವಾದ ರಾಜ್ಯದ ಶಾಲಾ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂಬ ಹೆಸರು ಬಂದದ್ದೂ ಈ ಪರಂಪರೆಯ ಪದದಿಂದಲೇ. ಹಸಿದ ಮಗುವಿಗೆ ಅನ್ನ ಕೊಡುವುದರಲ್ಲಿ ನಾವು ನಾಡಿಗೆ ದಾರಿ ತೋರಿದವರು. ಅನ್ನದ ಜೊತೆಗೆ ಮಗುವಿನ ಮನಸ್ಸನ್ನೂ ಕಾಯುವುದರಲ್ಲಿ ನಾವು ಮುಂದಾಗಬಾರದೇಕೆ?

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಪೋಷಕರಿಗೆ ಒಂದು ಸರಳ ಸೂತ್ರ ಹೇಳಿಕೊಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಉಣಿಸಬೇಕು ಎಂಬುದು ದೊಡ್ಡವರ ಹೊಣೆ. ಅದರಲ್ಲಿ ಎಷ್ಟು ಉಣ್ಣಬೇಕು ಎಂಬುದು ಮಗುವಿನ ಹೊಣೆ. ನಮ್ಮ ಮನೆಗಳಲ್ಲಿ ಎರಡೂ ತಲೆಕೆಳಗಾಗಿವೆ. ಕುರುಕಲು ತಿಂಡಿಯನ್ನು ಯಾವಾಗ ತಿನ್ನಬೇಕೆಂದು ಮಗು ತೀರ್ಮಾನಿಸುತ್ತದೆ, ಅನ್ನದ ಎಷ್ಟು ತುತ್ತು ನುಂಗಬೇಕೆಂದು ಅಜ್ಜಿ ತೀರ್ಮಾನಿಸುತ್ತಾರೆ. ಮೊಬೈಲ್ ತೋರಿಸಿ ಬಾಯಿಗೆ ತುತ್ತು ತುರುಕಿದ ಮಗುವಿಗೆ ಹಸಿವೂ ತಿಳಿಯುವುದಿಲ್ಲ, ತೃಪ್ತಿಯೂ ತಿಳಿಯುವುದಿಲ್ಲ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು ಎನ್ನುತ್ತಾರೆ. ಗಡಿಬಿಡಿಯಲ್ಲಿ ಆ ಸುದ್ದಿಗೆ ಜಾಗವೇ ಇಲ್ಲ.

ಪ್ರಸಾದ ನಿಲಯಗಳಲ್ಲಿ ಕೆಲವು ನಿಯಮಗಳನ್ನು ಇಂದೇ ತರಬಹುದು. ಪ್ರಾರ್ಥನೆ ತಪ್ಪಿಸಿದ, ಪಾಠ ಒಪ್ಪಿಸದ ಮಗುವಿಗೆ ಊಟ ತಡೆಯುವ ಶಿಕ್ಷೆ ಎಲ್ಲಿಯೂ ಇರಕೂಡದು. ಪ್ರಸಾದವನ್ನು ಶಿಕ್ಷೆಯ ಸಾಧನ ಮಾಡುವುದು ತತ್ವಕ್ಕೇ ಅಪಚಾರ. ಹಾಗೆಯೇ ಸಿಹಿಯನ್ನು ಬಹುಮಾನವಾಗಿ ತೋರಿಸುವುದೂ ಬೇಡ, ಅದರಿಂದ ಪಲ್ಯ ಶಿಕ್ಷೆಯಾಗಿ, ಸಿಹಿ ಸ್ವರ್ಗವಾಗಿ ಕಾಣತೊಡಗುತ್ತದೆ. 'ಡುಮ್ಮ', 'ಕಡ್ಡಿ', 'ಹೊಟ್ಟೆಬಾಕ' ಎಂಬ ಅಡ್ಡಹೆಸರುಗಳನ್ನು ನಿಲಯಪಾಲಕರೇ ಮೊದಲು ಬಿಡಬೇಕು. ಊಟಕ್ಕೆ ಅರ್ಧ ಗಂಟೆ ಕೊಡಬೇಕು. ಪಂಕ್ತಿಯ ನಡುವೆ ಓಡಾಡುತ್ತ "ಲಗೂ ಮುಗಸ್ರಿ" ಎಂದು ಕೂಗುವುದನ್ನು ನಿಲ್ಲಿಸಬೇಕು. ಇವಕ್ಕೆಲ್ಲ ಒಂದು ಪೈಸೆಯ ಖರ್ಚೂ ಇಲ್ಲ.

ಕಾಯಿಲೆಯಾದಾಗ ಗುರುತಿಸೋಣ

ಅನ್ನದೊಂದಿಗಿನ ಸಂಬಂಧ ಕೆಲವರಲ್ಲಿ ಕಾಯಿಲೆಯ ಮಟ್ಟಕ್ಕೆ ಹೋಗುತ್ತದೆ. ಎಷ್ಟು ತೆಳ್ಳಗಾದರೂ ದಪ್ಪವಿದ್ದೇನೆಂದು ನಂಬಿ ಊಟ ಬಿಡುವುದು, ಉಂಡ ಮೇಲೆ ಬಚ್ಚಲಿಗೆ ಹೋಗಿ ಬೇಕೆಂದೇ ವಾಂತಿ ಮಾಡುವುದು, ಸ್ವಲ್ಪ ಹೊತ್ತಿನಲ್ಲಿಯೇ ತಡೆಯಲಾಗದಂತೆ ಬಹಳ ತಿಂದು ನಂತರ ಕುಗ್ಗಿಹೋಗುವುದು ಇವೆಲ್ಲ ವೈದ್ಯಶಾಸ್ತ್ರ ಹೆಸರಿಟ್ಟು ಗುರುತಿಸಿದ ಮಾನಸಿಕ ಕಾಯಿಲೆಗಳು. ಹುಡುಗಿಯರಲ್ಲಿ ಹೆಚ್ಚು ಕಂಡರೂ ಹುಡುಗರಿಗೂ ಬರುತ್ತವೆ. ಏಕಾಏಕಿ ತೂಕ ಇಳಿಯುವುದು, ಮುಟ್ಟು ನಿಲ್ಲುವುದು, ಎಲ್ಲರೊಂದಿಗೆ ಕುಳಿತು ಉಣ್ಣಲು ನಿರಾಕರಿಸುವುದು, ದಿನಕ್ಕೆ ಹತ್ತು ಸಲ ಕನ್ನಡಿ, ತಕ್ಕಡಿ ನೋಡುವುದು ಕಂಡರೆ ತಡಮಾಡಬಾರದು. ಇದು ಹಟವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ, ಭಕ್ತಿ ಸಾಲದೆ ಬಂದದ್ದೂ ಅಲ್ಲ. ಯಂತ್ರ, ತಾಯಿತಗಳಿಂದ ಹೋಗುವುದೂ ಇಲ್ಲ. ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. 14416 ಸಂಖ್ಯೆಗೆ ಕರೆ ಮಾಡಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ. ಮಠಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ನೋಡುವ ಮೇಜುಗಳ ಪಕ್ಕದಲ್ಲಿ ಆಪ್ತಸಮಾಲೋಚಕರಿಗೂ ಒಂದು ಕುರ್ಚಿ ಹಾಕಲಿ ಎಂದು ಪೂಜ್ಯರಲ್ಲಿ ನನ್ನ ವಿನಮ್ರ ವಿನಂತಿ.

ಮನೆಯಲ್ಲಿ ಪ್ರತಿಯೊಬ್ಬರೂ ಮಾಡಬಹುದಾದದ್ದು ಇನ್ನೂ ಸರಳ. ತಟ್ಟೆಯ ಮುಂದೆ ಕುಳಿತಾಗ ಟಿವಿ, ಮೊಬೈಲ್ ಬದಿಗಿಡೋಣ. ಇಷ್ಟಲಿಂಗವನ್ನು ಸ್ಮರಿಸಿ, ಅರ್ಪಿಸಿ, ಒಂದು ಕ್ಷಣ ನಿಲ್ಲೋಣ. ನಿಜವಾಗಿ ಹಸಿವಾಗಿದೆಯೇ, ಅಥವಾ ಬೇಸರ, ಸಿಟ್ಟು, ಒಂಟಿತನ ಹಸಿವಿನ ವೇಷ ತೊಟ್ಟು ಬಂದಿವೆಯೇ ಎಂದು ಮೆಲ್ಲಗೆ ಕೇಳಿಕೊಳ್ಳೋಣ. ಹಸಿವಾದರೆ ಸಂತೋಷದಿಂದ ಉಣ್ಣೋಣ. ಬೇಸರವಾದರೆ ಅದನ್ನು ಮನೆಯವರೊಡನೆ ಹೇಳಿಕೊಳ್ಳೋಣ, ನಾಲ್ಕು ಹೆಜ್ಜೆ ನಡೆದು ಬರೋಣ. ಒಂದು ದಿನ ಹೆಚ್ಚು ಉಂಡರೆ ಆಕಾಶ ಕಳಚಿ ಬೀಳುವುದಿಲ್ಲ. ಮರುದಿನ ಎಂದಿನಂತೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆ ಹಿತವಾಗಿ ಉಂಡರಾಯಿತು. ಶಿಕ್ಷೆಯ ಅಗತ್ಯವಿಲ್ಲ.

ಮುಂದಿನ ಸಲ ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಪಕ್ಕದವರ ತಟ್ಟೆಯನ್ನು ನೋಡಿ ಟೀಕೆ ಮಾಡುವುದನ್ನು, ನಮ್ಮ ತಟ್ಟೆಯನ್ನು ನೋಡಿ ಅಂಜುವುದನ್ನು ಎರಡನ್ನೂ ಬಿಟ್ಟು ನೋಡೋಣ. ಬೇಕಾದಷ್ಟು ಕೇಳಿ ಹಾಕಿಸಿಕೊಳ್ಳೋಣ, ಸಾಕಾದಾಗ ಸಾಕೆನ್ನೋಣ, ಸಾಕೆಂದವರಿಗೆ ಒತ್ತಾಯ ಮಾಡದಿರೋಣ. ಪ್ರಸಾದಿ ಸ್ಥಲದ ಕಡೆಗೆ ನಮ್ಮಂಥ ಸಾಮಾನ್ಯರು ಇಡಬಹುದಾದ ಮೊದಲ ಹೆಜ್ಜೆ ಇಷ್ಟೇ ಇರಬಹುದು.